ಅಮ್ಮನ ಮಂಡಿ, ಜಾಂಬೋಟಿ ಕೆಸರು: ನಾಲ್ಕೂ ಚಕ್ರ ಎಳೆಯುವ ಡೀಸೆಲ್ ವ್ಯಾಗನ್ ಯಾವುದು ತಗೊಳ್ಳಲಿ?

ಜಾಂಬೋಟಿ_ಮಳೆ · ಬಾಣೇರ್, ಪುಣೆ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಈಗ ಬರೆಯುವ ಗರಜು ಬಿದ್ದಿದೆ.

ಪುಣೆಗೆ ಬಂದು ಹದಿನಾಲ್ಕು ವರ್ಷ ಆಯ್ತು. ಊರು ಖಾನಾಪುರ ತಾಲ್ಲೂಕು, ಜಾಂಬೋಟಿ ಹತ್ತಿರ. ತಿಂಗಳಿಗೊಮ್ಮೆ ಐದೂ ಜನ ಹೋಗಿ ಬರುತ್ತೇವೆ. ಹೋಗುವಾಗ ಬಟ್ಟೆ ಬ್ಯಾಗು, ಅಪ್ಪನ ಔಷಧಿ ಡಬ್ಬಿ. ಬರುವಾಗ ಅಕ್ಕಿ ಚೀಲ, ಗೇರುಬೀಜ, ಸೀಸನ್ ಇದ್ದರೆ ಎರಡು ಹಲಸಿನ ಹಣ್ಣು. ಈಗಿರುವುದು ಮುಂದಿನ ಚಕ್ರ ಎಳೆಯುವ ಡೀಸೆಲ್ ಸೆಡಾನ್. ಹೈವೇಯಲ್ಲಿ ಬಂಗಾರ. ಆದರೆ ಡಾಂಬರು ರಸ್ತೆಯಿಂದ ಮನೆಗೆ 800 ಮೀಟರ್ ಕೆಂಪು ಮಣ್ಣಿನ ದಾರಿ ಇದೆ, ಕೊನೆಗೊಂದು ಏರು.

ಹೋದ ಜುಲೈಯಲ್ಲಿ ಆ ಏರಿನಲ್ಲಿ ಸಿಕ್ಕಿಕೊಂಡೆವು. ಮುಂದಿನ ಚಕ್ರ ಸುಮ್ಮನೆ ಗಿರಗಿರ ತಿರುಗುತ್ತಿದೆ, ಬಾನೆಟ್ ತುಂಬಾ ಕೆಸರು. ಅಮ್ಮನ ಎಡಮಂಡಿ ಪೂರ್ತಿ ಸವೆದಿದೆ, ಇಳಿದು ನಡೆಯುವ ಹಾಗಿಲ್ಲ. ಅವಳನ್ನು ಒಳಗೇ ಕೂರಿಸಿ, ಚಕ್ರದ ಕೆಳಗೆ ಗೋಣಿ ಚೀಲ ಹಾಸಿ, ನಾನು ಮತ್ತು ಪಕ್ಕದ ಗದ್ದೆಯವರು ಮೂವರು ತಳ್ಳಿದೆವು. ಮೇಲೆ ಹತ್ತಿದ ಮೇಲೆ ಅಮ್ಮ ಹೇಳಿದ್ದು ಒಂದೇ ಮಾತು: "ನಾನೇ ಭಾರ ಆದೆ ನೋಡು." ಅವತ್ತೇ ನಿರ್ಧಾರ ಮಾಡಿದೆ, ಕಾರು ಬದಲಿಸಬೇಕು.

ದೊಡ್ಡ ಎಸ್‌ಯುವಿ ತಗೋ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಎತ್ತರದ ಕಾರಿಗೆ ಅಮ್ಮ ಹತ್ತಲಾರಳು. ಸೀರೆ ಉಟ್ಟು ಸೈಡ್ ಸ್ಟೆಪ್ ಮೇಲೆ ಕಾಲಿಟ್ಟು ಹತ್ತುವುದು ಒಂದು ಸರ್ಕಸ್. ಹಾಗಾಗಿ ನನಗೆ ಬೇಕಾಗಿರುವುದು ಸೀಟು ತಗ್ಗಿರುವ, ಡಿಕ್ಕಿ ಉದ್ದ ಇರುವ, ನಾಲ್ಕೂ ಚಕ್ರಕ್ಕೆ ಬಲ ಹೋಗುವ ಡೀಸೆಲ್ ವ್ಯಾಗನ್. ಬಜೆಟ್ 35 ಲಕ್ಷ, ಆನ್ ರೋಡ್. ಹಳೆಯದಾದರೂ ಪರವಾಗಿಲ್ಲ.

---

ಮಾಟುಂಗಾ_ಮಾಮ · ಮುಂಬೈ

ಇನ್ನೋವಾ ತಗೊಳ್ಳಿ. ಚರ್ಚೆ ಮುಗಿಸಿ.

---

ಜಾಂಬೋಟಿ_ಮಳೆ

ಮಾಮ, ಇದು ಬರುತ್ತೆ ಅಂತ ಗೊತ್ತಿತ್ತು :) ಡೀಸೆಲ್ ಇನ್ನೋವಾ ಹಿಂದಿನ ಚಕ್ರ ಎಳೆಯುವ ಗಾಡಿ. ಖಾಲಿ ಇದ್ದಾಗ ಆ ಏರಿನಲ್ಲಿ ನನ್ನ ಸೆಡಾನ್‌ಗಿಂತ ಮೊದಲು ಕೈ ಎತ್ತುತ್ತೆ. ದೊಡ್ಡಪ್ಪನ ಮಗನ ಹತ್ತಿರ ಇದೆ, ಅವನ ಗಾಡಿಯನ್ನೂ ತಳ್ಳಿದ್ದೇನೆ.

---

ಕೋಥರೂಡ್_ಕನ್ನಡಿಗ · ಪುಣೆ

ಮೊದಲು ಒಂದು ಕಹಿ ಸತ್ಯ. ನೀವು ಕೇಳುತ್ತಿರುವ ಕಾರು ಭಾರತದಲ್ಲಿ ಹೊಸದಾಗಿ ಸಿಗುವುದಿಲ್ಲ. ಸಿಗುತ್ತಿದ್ದ ಕಾಲದಲ್ಲೂ ನಿಜವಾದ ಡೀಸೆಲ್, ಆಲ್ ವೀಲ್ ಡ್ರೈವ್ (ಎಡಬ್ಲ್ಯೂಡಿ, ಅಂದರೆ ನಾಲ್ಕೂ ಚಕ್ರಕ್ಕೆ ಬಲ) ವ್ಯಾಗನ್ ಅಂತ ಲೆಕ್ಕಕ್ಕೆ ಬರುವುದು ಎರಡೇ.

ಒಂದು, ವೋಲ್ವೊ ವಿ90 ಕ್ರಾಸ್ ಕಂಟ್ರಿ. 2017ರ ಜುಲೈಯಲ್ಲಿ ಬಂತು, ಎಕ್ಸ್ ಶೋರೂಮ್ 60 ಲಕ್ಷ. ಡಿ5 ಎಂಜಿನ್, 2 ಲೀಟರ್, 235 ಹಾರ್ಸ್‌ಪವರ್, 480 ಎನ್‌ಎಂ ಟಾರ್ಕ್ (ತಿರುಗಿಸುವ ಬಲ), 8 ಗೇರಿನ ಆಟೊಮ್ಯಾಟಿಕ್. ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಕಾರಿನ ಹೊಟ್ಟೆಗೂ ಇರುವ ಅಂತರ, 210 ಮಿ.ಮೀ. ನಮ್ಮ ಎಷ್ಟೋ ಎಸ್‌ಯುವಿಗಳಿಗೂ ಇಷ್ಟಿಲ್ಲ.

ಇನ್ನೊಂದು, ಮರ್ಸಿಡಿಸ್ ಇ-ಕ್ಲಾಸ್ ಆಲ್ ಟೆರೇನ್. 2018ರ ಸೆಪ್ಟೆಂಬರ್, 75 ಲಕ್ಷ. ಇ 220ಡಿ 4ಮ್ಯಾಟಿಕ್ (ಮರ್ಸಿಡಿಸ್‌ನವರು ಆಲ್ ವೀಲ್ ಡ್ರೈವ್‌ಗೆ ಇಟ್ಟ ಹೆಸರು), 194 ಹಾರ್ಸ್‌ಪವರ್, 400 ಎನ್‌ಎಂ, 9 ಗೇರು. ಡಿಕ್ಕಿ 640 ಲೀಟರ್, ವೋಲ್ವೊದ್ದು 560. ಅಂದರೆ ನಿಮ್ಮ ಹಲಸಿನ ಹಣ್ಣಿಗೆ ಮರ್ಸಿಡಿಸ್ಸೇ ಸರಿ. ಆದರೆ ಕೆಸರಿಗೆ? ಗಾಳಿ ತುಂಬಿ ಗಾಡಿ ಎತ್ತುವ ಏರ್ ಸಸ್ಪೆನ್ಷನ್ ಪೂರ್ತಿ ಎತ್ತಿದರೂ ನೆಲದಿಂದ 156 ಮಿ.ಮೀ. ಅಷ್ಟೇ. ಹೆಸರಲ್ಲಿ ಟೆರೇನ್ ಇದೆ, ಹೊಟ್ಟೆ ಮಾತ್ರ ನೆಲಕ್ಕೇ ಹತ್ತಿರ.

ಎರಡೂ ಪೂರ್ತಿ ತಯಾರಾಗಿ ಹಡಗಿನಲ್ಲಿ ಬಂದವು. ಸುಂಕವೇ ಹೆಚ್ಚುಕಡಿಮೆ ಕಾರಿನ ಬೆಲೆಯಷ್ಟು. ಅದರ ಮೇಲೆ ಮಹಾರಾಷ್ಟ್ರದ ರೋಡ್ ಟ್ಯಾಕ್ಸ್. ಇಲ್ಲಿ 20 ಲಕ್ಷ ದಾಟಿದ ಡೀಸೆಲ್ ಕಾರಿಗೆ 15%, ಆದರೆ ಆಮದು ಕಾರಿಗೆ 20%. ಆಲ್ ಟೆರೇನ್ ಕೊಂಡವನು ಆರ್‌ಟಿಒಗೇ 15 ಲಕ್ಷ ಕಟ್ಟಿದ್ದಾನೆ. ಆ ದುಡ್ಡಿಗೆ ಇನ್ನೊಂದು ಒಳ್ಳೆಯ ಕಾರು ಬರುತ್ತಿತ್ತು, ಅಲ್ವಾ? ಅದಕ್ಕೇ ಇವು ರಸ್ತೆಯಲ್ಲಿ ಹುಲಿ ಕಂಡ ಹಾಗೆ ಅಪರೂಪಕ್ಕೆ ಕಾಣುತ್ತವೆ.

---

ಡೀಸೆಲ್_ದಾಸ · ಚಾಕಣ್

ಜೊತೆಗೆ ಪ್ರತಿಸ್ಪರ್ಧಿಗಳ ಹೆಸರೂ ಬರೆದಿಡುತ್ತೇನೆ. ಹೊರದೇಶದಲ್ಲಿ ಈ ಸಾಲಿನಲ್ಲಿ ಆಡಿ ಎ6 ಆಲ್‌ರೋಡ್, ಫೋಕ್ಸ್‌ವ್ಯಾಗನ್ ಪಸ್ಸಾಟ್ ಆಲ್‌ಟ್ರ್ಯಾಕ್, ಸ್ಕೋಡಾ ಆಕ್ಟೇವಿಯಾ ಸ್ಕೌಟ್ ಇದ್ದವು. ಯಾವುದೂ ಇಲ್ಲಿಗೆ ಬರಲಿಲ್ಲ. ಸುಬಾರು ಔಟ್‌ಬ್ಯಾಕ್ ಒಂದು ಕಾಲಕ್ಕೆ 2 ಲೀಟರ್ ಡೀಸೆಲ್‌ನಲ್ಲಿ ಯುರೋಪಿನಲ್ಲಿ ಸಿಗುತ್ತಿತ್ತು. ಸುಬಾರು ಅಧಿಕೃತವಾಗಿ ಭಾರತಕ್ಕೆ ಬರಲೇ ಇಲ್ಲ. ಫಾರೆಸ್ಟರ್ ಮಾತ್ರ ಷೆವ್ರೊಲೆ ಹೆಸರು ಅಂಟಿಸಿಕೊಂಡು ಬಂದಿತ್ತು, ಅದೂ ಪೆಟ್ರೋಲ್.

ನಮ್ಮಲ್ಲಿ ವ್ಯಾಗನ್‌ಗೆ ಎದುರಾಳಿ ವ್ಯಾಗನ್ ಅಲ್ಲ, ಡೀಸೆಲ್ ಎಸ್‌ಯುವಿ. 2017ರಲ್ಲಿ ಫೋಕ್ಸ್‌ವ್ಯಾಗನ್ ಟಿಗುವಾನ್ 4ಮೋಶನ್ (ಅದೂ ಎಡಬ್ಲ್ಯೂಡಿ) 27.98 ಲಕ್ಷಕ್ಕೆ, ಸ್ಕೋಡಾ ಕೋಡಿಯಾಕ್ 34.49 ಲಕ್ಷಕ್ಕೆ ಬಂದವು. 2018ರ ಅಕ್ಟೋಬರ್‌ನಲ್ಲಿ ಹೋಂಡಾ ಸಿಆರ್-ವಿ ಡೀಸೆಲ್ ಎಡಬ್ಲ್ಯೂಡಿ 32.75 ಲಕ್ಷ. 60 ಲಕ್ಷದ ವ್ಯಾಗನ್ ಎದುರು ಇವು ಅರ್ಧ ಬೆಲೆಗೆ ನಿಂತಿದ್ದವು. ಆಮೇಲೆ 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂತು, ಈ ಮೂರೂ ಡೀಸೆಲ್ ಒಟ್ಟಿಗೇ ಮಾಯ. ವೋಲ್ವೊ ಅಂತೂ 2024ರ ಆರಂಭದಲ್ಲಿ ಜಗತ್ತಿನಲ್ಲೇ ತನ್ನ ಕೊನೆಯ ಡೀಸೆಲ್ ಕಾರು ಮಾಡಿ ಮುಗಿಸಿತು.

---

ಮಾಟುಂಗಾ_ಮಾಮ

ನಮ್ಮ ಕಾಲದಲ್ಲಿ ಟಾಟಾ ಎಸ್ಟೇಟ್ ಇತ್ತು. 1992. ಡೀಸೆಲ್ ವ್ಯಾಗನ್, ನಿಮ್ಮ ಪುಣೆಯಲ್ಲೇ ತಯಾರಾದದ್ದು. ಮದುವೆಗೆ ಹೋದರೆ ಜನ ಕಾರು ನೋಡಲು ನಿಲ್ಲುತ್ತಿದ್ದರು. ಆಮೇಲೆ ಫಿಯಟ್ ಸಿಯೆನಾ ವೀಕೆಂಡ್, ಬಲೆನೊ ಆಲ್ಟುರಾ, ಇಂಡಿಗೊ ಮರೀನಾ. ಎಲ್ಲವೂ ಬಂದ ದಾರಿಗೆ ಸುಂಕವಿಲ್ಲ ಅಂತ ಹೋದವು. ನಮ್ಮವರಿಗೆ ಉದ್ದ ಬಾಲದ ಕಾರು ಕಂಡರೆ ಆಂಬುಲೆನ್ಸ್ ನೆನಪಾಗುತ್ತೆ. ಅದೇ ಕಾರನ್ನು ಎರಡು ಗೇಣು ಎತ್ತರ ಮಾಡಿ ಕೊಡಿ, ಸಾಲ ಮಾಡಿ ತಗೊಳ್ತಾರೆ.

---

ವಾಕಡ್_ಅಕ್ಕ · ಪುಣೆ

ನಾನು ಜೀಪ್ ಮೆರಿಡಿಯನ್ 4x4 (ನಾಲ್ಕೂ ಚಕ್ರ ಎಳೆಯುವ ಎಸ್‌ಯುವಿ) ಓಡಿಸುತ್ತೇನೆ. ರಾಂಜಣಗಾವ್‌ನಲ್ಲಿ ತಯಾರಾಗುವ ಗಾಡಿ, ಹಾಗಾಗಿ ನಮ್ಮೂರ ಮಗಳು ಅನ್ನಿ. 2 ಲೀಟರ್ ಡೀಸೆಲ್, 170 ಪಿಎಸ್ (ಹೆಚ್ಚುಕಡಿಮೆ ಹಾರ್ಸ್‌ಪವರ್ ಲೆಕ್ಕವೇ), 350 ಎನ್‌ಎಂ, 9 ಗೇರು. 2022ರಲ್ಲಿ 4x4 ಬಂದಾಗ 36.95 ಲಕ್ಷ. ಹೈವೇಯಲ್ಲಿ ಬಂಡೆ ಕೂತ ಹಾಗೆ ಕೂರುತ್ತೆ. ತಾಮ್ಹಿಣಿ ಘಾಟಿನಲ್ಲಿ ಮಳೆ ಹೊಡೆಯುವಾಗ ಒಂದು ದಿನವೂ ಭಯ ಆಗಿಲ್ಲ. ಮೂರನೇ ಸಾಲು ಎತ್ತಿದರೆ ಡಿಕ್ಕಿ 170 ಲೀಟರ್, ಒಂದೇ ಹಲಸಿನ ಹಣ್ಣು. ಮಡಚಿದರೆ 481.

ಆದರೆ ನಿಮ್ಮ ಅಮ್ಮನ ವಿಷಯ ಓದಿ ನಿಜ ಹೇಳಬೇಕು ಅನ್ನಿಸಿತು. ನನ್ನ ಅತ್ತೆಗೆ ಎಪ್ಪತ್ತೆರಡು. ಅವರು ಹತ್ತುವಾಗ ಒಂದು ಕೈ ನನ್ನ ಭುಜದ ಮೇಲೆ, ಇನ್ನೊಂದು ಮೇಲಿನ ಹಿಡಿಕೆಗೆ. ಇಳಿಯುವಾಗ ಕಾಲು ನೆಲ ಹುಡುಕುತ್ತೆ. ಅದಕ್ಕೇ ಒಂದು ಪ್ಲಾಸ್ಟಿಕ್ ಮಣೆ ಡಿಕ್ಕಿಯಲ್ಲಿ ಖಾಯಂ ಇಟ್ಟಿದ್ದೇನೆ. ಜಾಹೀರಾತಿನಲ್ಲಿ ಈ ಮಣೆ ತೋರಿಸುವುದಿಲ್ಲ.

---

ಜಾಂಬೋಟಿ_ಮಳೆ

ಅಕ್ಕ, ಮಣೆ ವಿಷಯ ಹೇಳಿದ್ದಕ್ಕೆ ಥ್ಯಾಂಕ್ಸ್. ಈ ಭಾನುವಾರ ಒಂದು ಕೆಲಸ ಮಾಡಿದೆ. ಅಮ್ಮನನ್ನು ನಿಲ್ಲಿಸಿ, ಅವಳು ಮಂಡಿ ಬಗ್ಗಿಸದೆ ಸುಮ್ಮನೆ ಹಿಂದಕ್ಕೆ ಒರಗಿ ಕೂರಬಹುದಾದ ಎತ್ತರ ಎಷ್ಟು ಅಂತ ನೋಡಿದೆ. ಟೈಲರ್ ಟೇಪಿನ ಮೇಲೆ ಆ ಜಾಗಕ್ಕೆ ಪೆನ್ನಿನಲ್ಲಿ ಗೆರೆ ಎಳೆದೆ. ಟೇಪು ಜೇಬಿಗೆ ಹಾಕಿಕೊಂಡು ಶೋರೂಮ್ ಸುತ್ತಿದೆ.

ಮಹೀಂದ್ರಾ ಎಕ್ಸ್‌ಯುವಿ700: ಸೀಟಿನ ಅಂಚು ಗೆರೆಗಿಂತ ಒಂದು ಗೇಣು ಮೇಲೆ. ಮೆರಿಡಿಯನ್: ಗೇಣಿಗಿಂತ ಸ್ವಲ್ಪ ಜಾಸ್ತಿ. ಹ್ಯುಂಡೈ ಟೂಸಾನ್: ನಾಲ್ಕು ಬೆರಳು ಮೇಲೆ, ಪರವಾಗಿಲ್ಲ. ಸೇಲ್ಸ್ ಹುಡುಗ ಪಾಪ, ಏನು ಅಳೆಯುತ್ತಿದ್ದೀರಿ ಸರ್, ಸೀಟ್ ಕವರ್ ನಾವೇ ಫ್ರೀ ಕೊಡ್ತೀವಿ ಅಂದ.

---

ಕೋಥರೂಡ್_ಕನ್ನಡಿಗ

ಟೇಪ್ ಐಡಿಯಾ ಭರ್ಜರಿ. ನಲವತ್ತು ವಿಡಿಯೊ ನೋಡಿದರೂ ಇದು ಗೊತ್ತಾಗುವುದಿಲ್ಲ.

ಟೂಸಾನ್ ಬಗ್ಗೆ: 2022ರ ಮಾಡೆಲ್, 2 ಲೀಟರ್ ಡೀಸೆಲ್, 186 ಪಿಎಸ್, 416 ಎನ್‌ಎಂ. ಎಡಬ್ಲ್ಯೂಡಿ ಬಂದಾಗ 34.39 ಲಕ್ಷ. ಈಗ ಒಂದೆರಡು ಕೈ ಬದಲಾದದ್ದು ನಿಮ್ಮ ಬಜೆಟ್ಟಿನೊಳಗೆ ಆರಾಮಾಗಿ ಬರುತ್ತೆ. ಎಕ್ಸ್‌ಯುವಿ700 ಎಡಬ್ಲ್ಯೂಡಿ ಡೀಸೆಲ್ ಆಟೊಮ್ಯಾಟಿಕ್‌ನಲ್ಲಿ ಮಾತ್ರ ಬಂದದ್ದು, 185 ಪಿಎಸ್, 450 ಎನ್‌ಎಂ. ಬಲ ಮತ್ತು ಬೆಲೆ ಎರಡೂ ಸೇರಿಸಿ ನೋಡಿದರೆ ಅದಕ್ಕೆ ಎದುರಾಳಿಯೇ ಇರಲಿಲ್ಲ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ 40%ಗೆ ಇಳಿದಾಗ ಎಕ್ಸ್‌ಯುವಿ700 ಬೆಲೆ 1.43 ಲಕ್ಷದವರೆಗೆ ಇಳಿಯಿತು. ಮೊದಲು ಎಸ್‌ಯುವಿಗೆ ಸೆಸ್ ಸೇರಿ 50% ಇತ್ತು. ತಮಾಷೆ ಏನೆಂದರೆ 4 ಮೀಟರ್‌ಗಿಂತ ಉದ್ದ, 1500 ಸಿಸಿಗಿಂತ ದೊಡ್ಡ ಎಂಜಿನ್ ಜೊತೆಗೆ ಗ್ರೌಂಡ್ ಕ್ಲಿಯರೆನ್ಸ್ 170 ಮಿ.ಮೀ. ಇದ್ದರೆ ಮಾತ್ರ ಆ 50%. ಹೊಟ್ಟೆ ಅಷ್ಟು ಎತ್ತರ ಇಲ್ಲದಿದ್ದರೆ 48%. ಹೊಟ್ಟೆ ಎತ್ತಿಕೊಂಡವನಿಗೆ ಎರಡು ಪರ್ಸೆಂಟ್ ದಂಡ!

---

ಹಿಂಜವಡಿ_ಹೈದ · ಪುಣೆ

ಅಣ್ಣ, ಸ್ಕಾರ್ಪಿಯೊ-ಎನ್ 4x4 ಯಾಕೆ ಬೇಡ? ಅದೂ ಡೀಸೆಲ್, ನಾಲ್ಕೂ ಚಕ್ರ ಎಳೆಯುತ್ತೆ. ಬೆಲೆಯೂ ಕಮ್ಮಿ.

---

ಡೀಸೆಲ್_ದಾಸ

ಕೇಳಿದ್ದು ಒಳ್ಳೆಯದಾಯ್ತು, ಇಲ್ಲೇ ಎಲ್ಲರೂ ಎಡವುವುದು. ಎತ್ತರದ ಮಾತು ಬಿಡಿ, ಅದು ಬೇರೆ ತರಹದ ಯಂತ್ರ.

ಜೋಡೆತ್ತಿನ ಗಾಡಿ ತಿರುಗುವಾಗ ನೋಡಿದ್ದೀರಾ? ಹೊರಗಿನ ಎತ್ತು ಜಾಸ್ತಿ ನಡೆಯಬೇಕು, ಒಳಗಿನದು ಕಮ್ಮಿ. ಕಾರಿನಲ್ಲಿ ತಿರುವು ಬಂದಾಗ ಎಡ ಬಲ ಚಕ್ರಕ್ಕೆ ಮಾತ್ರ ಅಲ್ಲ, ಮುಂದಿನ ಹಿಂದಿನ ಅಚ್ಚಿಗೂ (ಆಕ್ಸೆಲ್) ಇದೇ ಕತೆ. ಮುಂದಿನ ಚಕ್ರ ದೊಡ್ಡ ಸುತ್ತು ಹಾಕುತ್ತೆ. ಸ್ಕಾರ್ಪಿಯೊ-ಎನ್, ಥಾರ್, ಫಾರ್ಚುನರ್ ಥರದ ಗಾಡಿಯಲ್ಲಿ 4x4 ಹಾಕಿದರೆ ಮುಂದೆ ಹಿಂದೆ ಎರಡನ್ನೂ ಒಂದೇ ವೇಗಕ್ಕೆ ಬಿಗಿಯುತ್ತೆ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಸರಿಹೋಗುತ್ತೆ. ಒಣ ಡಾಂಬರಿನಲ್ಲಿ ಜಾರಲು ಜಾಗವಿಲ್ಲ, ಗೇರು ಶಾಫ್ಟು ತಿರುಚಿಕೊಂಡು ಒದ್ದಾಡುತ್ತವೆ. ಹಾಗಾಗಿ ಹೈವೇಗೆ ಎರಡು ಚಕ್ರ, ಕೆಸರಿಗೆ ನಾಲ್ಕು ಅಂತ ನೀವೇ ಬದಲಿಸಬೇಕು.

ಆಲ್ ವೀಲ್ ಡ್ರೈವ್‌ನಲ್ಲಿ ನಡುವೆ ಒಂದು ಹೊಂದಿಕೊಳ್ಳುವ ವ್ಯವಸ್ಥೆ ಇರುತ್ತೆ. ಇ-ಕ್ಲಾಸ್‌ನಲ್ಲಿ ಅದು ಸೆಂಟರ್ ಡಿಫರೆನ್ಷಿಯಲ್ ಅನ್ನುವ ಗೇರು ಜೋಡಣೆ, ಯಾವಾಗಲೂ ನಾಲ್ಕೂ ಚಕ್ರಕ್ಕೆ ಬಲ. ವೋಲ್ವೊದಲ್ಲಿ ಹಿಂದಿನ ಆಕ್ಸೆಲ್ ಮುಂದೆ ಹಾಲ್ಡೆಕ್ಸ್ ಅನ್ನುವ ಕ್ಲಚ್ ಡಬ್ಬಿ. ಎಣ್ಣೆಯಲ್ಲಿ ಮುಳುಗಿದ ಬಿಲ್ಲೆಗಳ ಅಡಕ. ಪುಟ್ಟ ಪಂಪ್ ಒತ್ತಿದಾಗ ಬಿಲ್ಲೆಗಳು ಕಚ್ಚಿಕೊಂಡು ಬಲ ಹಿಂದಕ್ಕೆ ಹೋಗುತ್ತೆ, ಬಿಟ್ಟರೆ ಮುಂದಿನ ಚಕ್ರ ಮಾತ್ರ. ಚೋರ್ಲಾ ಘಾಟಿನಲ್ಲಿ ಅರ್ಧ ರಸ್ತೆ ಒದ್ದೆ, ಅರ್ಧ ಒಣ, ತಿರುವಿನಲ್ಲಿ ಕೆಸರು. ಅಲ್ಲಿ ಯಾರು ಗುಂಡಿ ತಿರುಗಿಸುತ್ತಾ ಕೂರುತ್ತಾರೆ? ನಿಮಗೆ ಬೇಕಾಗಿರುವುದು ಇದೇ.

---

ಕೋಥರೂಡ್_ಕನ್ನಡಿಗ

ದಾಸರೇ, ಆ ಪುಟ್ಟ ಪಂಪಿನ ಬಗ್ಗೆ ನನ್ನ ಅಳಲು ಹೇಳಿಕೊಳ್ಳಲೇ? ನನ್ನ ಹಿಂದಿನ ಗಾಡಿಯಲ್ಲೂ ಇಂಥದೇ ಡಬ್ಬಿ ಇತ್ತು. ಹೆಸರು ಬೇಡ. ಮೂರು ವರ್ಷ ಸರ್ವಿಸ್‌ಗೆ ಕೊಟ್ಟಾಗಲೆಲ್ಲ ಎಂಜಿನ್ ಆಯಿಲ್, ಫಿಲ್ಟರ್, ವಾಷಿಂಗ್. ಆ ಡಬ್ಬಿಯ ಎಣ್ಣೆ ಯಾರೂ ಮುಟ್ಟಲಿಲ್ಲ, ನನಗೂ ಗೊತ್ತಿರಲಿಲ್ಲ. ಬಿಲ್ಲೆ ಸವೆದ ಪುಡಿ ಪಂಪಿನ ಜಾಲರಿಗೆ ಮೆತ್ತಿಕೊಂಡು ಪಂಪ್ ಸತ್ತಿತು. ಲೈಟು ಬರಲಿಲ್ಲ, ಸದ್ದು ಬರಲಿಲ್ಲ. ಎಷ್ಟೋ ತಿಂಗಳು ನಾಲ್ಕು ಚಕ್ರದ ಗಾಡಿಗೆ ದುಡ್ಡು ಕೊಟ್ಟು ಎರಡು ಚಕ್ರದಲ್ಲಿ ಓಡಿದ್ದೇನೆ! ಅಂಬೋಲಿಯಲ್ಲಿ ಒಂದು ಸಣ್ಣ ದಿಬ್ಬದಲ್ಲಿ ಮುಂದಿನ ಚಕ್ರ ಗಿರಕಿ ಹೊಡೆದಾಗಲೇ ಗೊತ್ತಾದದ್ದು.

ಹಳೆ ಗಾಡಿ ನೋಡಲು ಹೋದಾಗ ಜಲ್ಲಿ ಹಾಕಿದ ಜಾಗಕ್ಕೆ ಒಯ್ದು ನಿಂತಲ್ಲಿಂದ ಜೋರಾಗಿ ಒತ್ತಿ. ಮುಂದಿನ ಚಕ್ರ ಕಲ್ಲು ಎಸೆದರೆ ಕೈಮುಗಿದು ಬನ್ನಿ. ಮೂರು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ, ಜಾಲರಿ ತೊಳೆಸಿ, ಇಷ್ಟೇ ಕೆಲಸ. ಮಾಡದಿದ್ದರೆ ಲಕ್ಷದ ಮಾತು.

---

ಪರ್ವರಿ_ಪಯಣಿಗ · ಗೋವಾ

ತಡವಾಗಿ ಬಂದೆ, ಕ್ಷಮಿಸಿ. ನನ್ನ ಹತ್ತಿರ 2018ರ ವಿ90 ಕ್ರಾಸ್ ಕಂಟ್ರಿ ಇದೆ. ಎರಡನೇ ಮಾಲೀಕ. ಊರು ಧಾರವಾಡ, ಹಾಗಾಗಿ ಚೋರ್ಲಾ ಘಾಟು ನನಗೆ ಮನೆ ಅಂಗಳ ಇದ್ದ ಹಾಗೆ.

ಒಳ್ಳೆಯದು ಮೊದಲು. ಡೀಸೆಲ್ ಎಂಜಿನ್‌ಗೆ ಒಂದು ಸಣ್ಣ ಗಾಳಿ ಟ್ಯಾಂಕ್ ಇದೆ, ಪವರ್ ಪಲ್ಸ್ ಅಂತ ಹೆಸರು. ನಿಂತಲ್ಲಿಂದ ಒತ್ತಿದ ತಕ್ಷಣ ಒತ್ತಿಟ್ಟ ಗಾಳಿ ಬಿಟ್ಟು ಟರ್ಬೊ (ಎಂಜಿನ್‌ಗೆ ಗಾಳಿ ತಳ್ಳುವ ಚಕ್ರ) ತಿರುಗಿಸುತ್ತೆ. ಹಾಗಾಗಿ ಡೀಸೆಲ್‌ನ ಆ ಅರೆಕ್ಷಣದ ಸೋಮಾರಿತನ ಇಲ್ಲ. ಘಾಟಿನಲ್ಲಿ ಲಾರಿ ದಾಟುವಾಗ ಇದರ ಬೆಲೆ ಗೊತ್ತಾಗುತ್ತೆ. ನನಗೆ ಹೈವೇಯಲ್ಲಿ 13-14 ಕೊಡುತ್ತೆ, ಪಣಜಿ ಒಳಗೆ 9. ಸೆಡಾನ್ ಓಡಿಸಿದ ಹಾಗೇ ಇರುತ್ತೆ, ತಿರುವಿನಲ್ಲಿ ಹಿಂದೆ ಕೂತವರು ಆ ಕಡೆ ಈ ಕಡೆ ವಾಲುವುದಿಲ್ಲ. ಎತ್ತರದ ಗಾಡಿಯಲ್ಲಿ ಚೋರ್ಲಾ ಇಳಿಯುವಾಗ ವಾಂತಿ ಮಾಡುತ್ತಿದ್ದ ನನ್ನ ಮಗಳು ಇದರಲ್ಲಿ ನಿದ್ದೆ ಮಾಡುತ್ತಾಳೆ.

ಇನ್ನು ಕೆಟ್ಟದ್ದು. ಟೈರು. ಸೈಜು 235/50 ಆರ್19. ಹೋದ ಆಗಸ್ಟ್‌ನಲ್ಲಿ ಜಾಂಬೋಟಿ ದಾಟಿ ಮಂಜಿನಲ್ಲಿ ಬರುತ್ತಿದ್ದೆ. ನೀರು ತುಂಬಿದ ಗುಂಡಿ, ಒಳಗೆ ಚೂಪು ಕಲ್ಲು. ಎಡ ಮುಂದಿನ ಟೈರಿನ ಪಕ್ಕೆ ಹರಿಯಿತು. ಸ್ಟೆಪ್ನಿ ಸಣ್ಣದು, ತೆವಳಿಕೊಂಡು ಬೆಳಗಾವಿಗೆ ಹೋದೆ. ನಾಲ್ಕು ಅಂಗಡಿ ಸುತ್ತಿದೆ. ಎಲ್ಲರ ಹತ್ತಿರ 235/60 ಆರ್18 ರಾಶಿ ಇದೆ, ಅದು ಎಕ್ಸ್‌ಯುವಿ700 ಸೈಜು. ನನ್ನದು ಯಾರ ಹತ್ತಿರವೂ ಇಲ್ಲ. ಎರಡು ದಿನ ಲಾಡ್ಜ್. ಅದಾದ ಮೇಲೆ ಇನ್ನೊಂದು ತಲೆನೋವು: ನಾಲ್ಕೂ ಟೈರು ಒಂದೇ ಥರ ಸವೆದಿರಬೇಕು. ಒಂದು ಹೊಸದು, ಮೂರು ಹಳೆಯದು ಹಾಕಿದರೆ ಸುತ್ತಳತೆ ಬೇರೆಯಾಗಿ ದಾಸರು ಹೇಳಿದ ಆ ಡಬ್ಬಿ ಸದಾ ಕಚ್ಚಾಡುತ್ತಾ ಬಿಸಿಯಾಗುತ್ತೆ. ನನ್ನವು ಅರ್ಧಕ್ಕಿಂತ ಜಾಸ್ತಿ ಸವೆದಿದ್ದವು. ಹಾಗಾಗಿ ನಾಲ್ಕಕ್ಕೆ ನಾಲ್ಕೂ ತರಿಸಿದೆ. ಆನೆ ತಂದ ಮೇಲೆ ಅಂಕುಶಕ್ಕೆ ಅಳಬಾರದು ಅಂತ ಹೆಂಡತಿ ಹೇಳಿದಳು.

---

ಜಾಂಬೋಟಿ_ಮಳೆ

ಸರ್, ಆ ಗುಂಡಿ ನನಗೆ ಗೊತ್ತು. ಸೇತುವೆ ದಾಟಿದ ಮೇಲೆ ಎಡಕ್ಕೆ ಮಾವಿನ ಮರ, ಅಲ್ವಾ?

---

ಪರ್ವರಿ_ಪಯಣಿಗ

ಅದೇ! ಮಾವಿನ ಮರಕ್ಕೆ ಈಗ ಕೆಂಪು ಬಟ್ಟೆ ಕಟ್ಟಿದ್ದಾರೆ. ನನ್ನಂಥವರು ಬಹಳ ಜನ ಇರಬೇಕು.

---

ಮಾಟುಂಗಾ_ಮಾಮ

ಇಷ್ಟೆಲ್ಲ ಓದಿದೆ. ಒಂದು ಮಾತು ಕೇಳ್ತೀನಿ, ಸಿಟ್ಟು ಮಾಡ್ಕೋಬೇಡಿ. ಸಮಸ್ಯೆ ಇರುವುದು 800 ಮೀಟರ್. ಅದಕ್ಕೆ 35 ಲಕ್ಷ ಯಾಕೆ? ಹತ್ತು ಟ್ರಾಕ್ಟರ್ ಮುರಂ ತರಿಸಿ, ಏರಿಗೆ ಜಂಬಿಟ್ಟಿಗೆ ಕಲ್ಲು ಹಾಸಿ, ಪಕ್ಕದಲ್ಲಿ ನೀರು ಹೋಗಲು ಒಂದು ಗಟಾರ ತೆಗೆಸಿ. ನಿಮ್ಮ ಸೆಡಾನೇ ಹತ್ತುತ್ತೆ. ಉಳಿದ ದುಡ್ಡಿನಲ್ಲಿ ಅಮ್ಮನ ಮಂಡಿ ಆಪರೇಷನ್ ಮಾಡಿಸಿ, ಮಿಕ್ಕಿದ್ದು ಬ್ಯಾಂಕಿಗೆ ಹಾಕಿ.

---

ವಾಕಡ್_ಅಕ್ಕ

ಮಾಮ ಮೊದಲ ಸಲ ಕೆಲಸದ ಮಾತಾಡಿದರು. ಬರೆದಿಟ್ಟುಕೊಳ್ಳಿ.

---

ಜಾಂಬೋಟಿ_ಮಳೆ

ಮಾಮ, ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ರಾತ್ರಿ ಮಲಗಿ ಯೋಚಿಸಿದೆ, ಬೆಳಗ್ಗೆ ಅಪ್ಪನಿಗೆ ಹೇಳಿದೆ. ಅಪ್ಪ ನಕ್ಕರು. ಆ ದಾರಿಯಲ್ಲಿ 500 ಮೀಟರ್ ನಮ್ಮದಲ್ಲ, ಎರಡು ಗದ್ದೆಯವರ ಬದುವಿನ ಮೇಲೆ ಹೋಗುತ್ತೆ. ಗಟಾರ ತೆಗೆದರೆ ನೀರು ಯಾರ ಗದ್ದೆಗೆ ಅನ್ನುವ ಜಗಳ ನಾನು ಹುಟ್ಟುವ ಮೊದಲಿನಿಂದ ಇದೆ. ಏರು ಮಾತ್ರ ನಮ್ಮ ಜಾಗದಲ್ಲಿದೆ. ಅಲ್ಲಿಗೆ ಕಲ್ಲು ಹಾಸಲು ಹೇಳಿ ಬಂದೆ. ಕೆಳಗಿನ ಕೆಸರು ಹಾಗೇ ಉಳಿಯುತ್ತೆ. ಆಪರೇಷನ್ ವಿಷಯ: ಅಮ್ಮನ ಹೃದಯದ ಡಾಕ್ಟರು ಸದ್ಯಕ್ಕೆ ಬೇಡ ಅಂದಿದ್ದಾರೆ.

---

ಮಾಟುಂಗಾ_ಮಾಮ

ತಪ್ಪಾಯ್ತು ಮಾರಾಯ. ಕಾರು ತಗೊಳ್ಳಿ.

---

ಜಾಂಬೋಟಿ_ಮಳೆ

ಹೋದ ವಾರ ಪಯಣಿಗರು ಧಾರವಾಡಕ್ಕೆ ಹೋಗುವಾಗ ನಮ್ಮ ಊರ ಮನೆಗೆ ಬಂದಿದ್ದರು. ಚಹಾ ಕುಡಿದು, ತಾವೇ ಕೀ ಕೊಟ್ಟರು. ಇಂಥ ಜನ ಈಗ ಎಲ್ಲಿ ಸಿಗ್ತಾರೆ.

ಟೇಪು ತೆಗೆದೆ. ಸೀಟಿನ ಅಂಚು ನನ್ನ ಗೆರೆಗಿಂತ ಒಂದೇ ಬೆರಳು ಮೇಲೆ. ಅಮ್ಮ ಬಾಗಿಲಿಗೆ ಬೆನ್ನು ಮಾಡಿ ನಿಂತಳು, ಹಿಂದಕ್ಕೆ ಒರಗಿದಳು, ಕೂತುಬಿಟ್ಟಳು. ಆಮೇಲೆ ಎರಡೂ ಕಾಲು ಒಟ್ಟಿಗೆ ಎತ್ತಿ ಒಳಗೆ ಇಟ್ಟುಕೊಂಡಳು. ಯಾರ ಕೈಯೂ ಹಿಡಿಯಲಿಲ್ಲ. ಸೀರೆಯ ನೆರಿಗೆ ಸರಿಮಾಡಿಕೊಂಡು, "ಹೂಂ, ನಡೀರಿ" ಅಂದಳು, ಎಲ್ಲಿಗೋ ಹೊರಟವಳ ಹಾಗೆ. ಕೆಳಗಿನ ಕೆಸರಿನಲ್ಲಿ ಹೋಗಿ ಬಂದೆವು. ಒಂದು ಸಲ ಹಿಂಭಾಗ ಸ್ವಲ್ಪ ಜಾರಿದ ಹಾಗಾಯ್ತು, ತಕ್ಷಣ ಹಿಂದಿನಿಂದ ಯಾರೋ ದೂಡಿದ ಹಾಗೆ ಮುಂದೆ ಹೋಯ್ತು. ಗೋಣಿ ಚೀಲ ಬೇಕಾಗಲಿಲ್ಲ.

ಹಾಗಾಗಿ ವಿ90 ಅಂತ ಗಟ್ಟಿ ಆಯ್ತು. ಇನ್ನು ಸಿಗಬೇಕಲ್ಲ! ಮೂರು ನೋಡಿದೆ. ಮೊದಲನೆಯದು ಬೆಂಗಳೂರಿನದು, ಬೆಲೆ ಚೆನ್ನಾಗಿತ್ತು.

---

ಕೋಥರೂಡ್_ಕನ್ನಡಿಗ

ಕೆಎ ನಂಬರ್ ಹುಷಾರು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ 18% ಮತ್ತು ಮೇಲೆ ಸೆಸ್ ಕಟ್ಟಿರುತ್ತಾರೆ. ಅದು ಅಲ್ಲಿಗೇ ಸಲ್ಲುತ್ತೆ. ಪುಣೆಗೆ ಖಾಯಂ ತಂದರೆ ಎನ್‌ಒಸಿ ತಂದು, ವಯಸ್ಸಿನ ಲೆಕ್ಕ ಕಳೆದು ಇಲ್ಲಿ ಮತ್ತೆ ಕಟ್ಟಬೇಕು. ಅಲ್ಲಿಯ ದುಡ್ಡು ವಾಪಸ್ ಕೇಳಬಹುದು, ಕೇಳುತ್ತಲೇ ಇರಬಹುದು. 60 ಲಕ್ಷದ ಆಮದು ಕಾರಿನ ಮೇಲೆ ಇದು ಸಣ್ಣ ಮೊತ್ತ ಅಲ್ಲ. ಎಂಎಚ್ ನಂಬರ್ ಗಾಡಿ ಎರಡು ಲಕ್ಷ ಜಾಸ್ತಿ ಆದರೂ ಅಗ್ಗ.

---

ಜಾಂಬೋಟಿ_ಮಳೆ

ಅದೇ ಲೆಕ್ಕ ಹಾಕಿ ಬಿಟ್ಟೆ. ಎರಡನೆಯದು ಮುಂಬೈ ದಲ್ಲಾಳಿಯೊಬ್ಬನದು. ಮೀಟರಿನಲ್ಲಿ 38,000 ಕಿ.ಮೀ. ಬ್ರೇಕ್ ಪೆಡಲಿನ ರಬ್ಬರ್ ನೋಡಿದರೆ ನುಣ್ಣಗೆ ಸವೆದು ಹೊಳೆಯುತ್ತಿದೆ. ಟೈರಿನ ಪಕ್ಕೆಯಲ್ಲಿ ವಾರ ಮತ್ತು ವರ್ಷದ ನಾಲ್ಕು ಅಂಕಿ ಇರುತ್ತಲ್ಲ, ಅದು 1123. ಅಂದರೆ 2023ರ ಹನ್ನೊಂದನೇ ವಾರ. 38,000 ಓಡಿದ ಕಾರಿಗೆ ಆಗಲೇ ಎರಡನೇ ಜೊತೆ ಟೈರ್ ಯಾಕೆ ಅಂತ ಕೇಳಿದೆ. ಮಾಲೀಕರು ಶೋಕಿಲಾಲ ಸರ್ ಅಂದ. ಸರ್ವಿಸ್ ಪುಸ್ತಕ ಕೇಳಿದರೆ ಮಳೆಯಲ್ಲಿ ಒದ್ದೆಯಾಯ್ತಂತೆ. ನಾನೂ ಮಳೆಯ ಊರಿನವನೇ, ಬಂದೆ.

ಮೂರನೆಯದು ಠಾಣೆಯ ಒಬ್ಬ ನಿವೃತ್ತ ಡಾಕ್ಟರದ್ದು. 2019, 61,000 ಕಿ.ಮೀ., ಒಂದೇ ಕೈ. ಕೇಳಿದ್ದು 34, ನಿಂತಿದ್ದು 31.5. ಪ್ರತಿ ಬಿಲ್ಲನ್ನೂ ಫೈಲ್ ಮಾಡಿದ್ದಾರೆ, ಅದರಲ್ಲಿ ಹಾಲ್ಡೆಕ್ಸ್ ಎಣ್ಣೆ ಎರಡು ಸಲ! ಮನಸ್ಸಿನಲ್ಲೇ ಕೋಥರೂಡ್ ಸಾಹೇಬರಿಗೆ ನಮಸ್ಕಾರ ಹಾಕಿದೆ. ಹಿಂದಿನ ಏರ್ ಸಸ್ಪೆನ್ಷನ್ ರಾತ್ರಿ ಕುಸಿಯುತ್ತೋ ನೋಡಲು ಸಂಜೆ ಚಕ್ರದ ಕಮಾನಿನ ಎತ್ತರ ಅಳೆದು, ಬೆಳಗ್ಗೆ ಮತ್ತೆ ಹೋಗಿ ಅಳೆದೆ. ಅದೇ ಟೇಪು. ಒಂದು ಕೂದಲಿನಷ್ಟೂ ಇಳಿದಿರಲಿಲ್ಲ. ಡಾಕ್ಟರು ತಿಂಡಿ ಕೊಟ್ಟರು.

---

ಡೀಸೆಲ್_ದಾಸ

ಒಂದೇ ಎಚ್ಚರಿಕೆ. ಬಾಣೇರ್‌ನಿಂದ ಆಫೀಸಿಗೆ ದಿನಾ ಮೂರು ಕಿ.ಮೀ. ಓಡಿಸಿ ನಿಲ್ಲಿಸಬೇಡಿ. ಹೊಗೆ ನಳಿಗೆಯ ಡಿಪಿಎಫ್ ಅನ್ನುವ ಫಿಲ್ಟರ್ ಮಸಿ ಹಿಡಿದಿಟ್ಟು, ಬಿಸಿಯಾದಾಗ ಸುಟ್ಟುಕೊಳ್ಳುತ್ತೆ. ಸಣ್ಣ ಓಟದಲ್ಲಿ ಬಿಸಿಯೇ ಆಗಲ್ಲ, ಮಸಿ ಕಟ್ಟಿಕೊಳ್ಳುತ್ತೆ. ತಿಂಗಳ ಊರಿನ ಪ್ರಯಾಣ ಅದಕ್ಕೆ ಔಷಧಿ. ಆಫೀಸಿಗೆ ಸ್ಕೂಟರ್ ಸಾಕು. ಅಂದ ಹಾಗೆ ಕಾರು 4.9 ಮೀಟರ್ ದಾಟುತ್ತೆ, ಪಾರ್ಕಿಂಗ್ ಅಳೆದಿರಾ?

---

ಜಾಂಬೋಟಿ_ಮಳೆ

ಅಳೆದೆ. ಕಂಬಕ್ಕೂ ಬಂಪರಿಗೂ ನಡುವೆ ನನ್ನ ಅಂಗೈ ಹಿಡಿಯುತ್ತೆ. ಹೆಂಡತಿ ನಿಲ್ಲಿಸುವುದಿಲ್ಲವಂತೆ, ನಾನೇ ನಿಲ್ಲಿಸಬೇಕು.

ನಿನ್ನೆ ಡಾಕ್ಟರ ಆ ಕಾರಿನಲ್ಲಿ ಮೊದಲ ಸಲ ಊರಿಗೆ ಬಂದೆವು. ಕಾತ್ರಜ್ ದಾಟಿದ ಮೇಲೆ ಅಮ್ಮ ಮಲಗಿದವಳು ಎದ್ದದ್ದು ನಿಪ್ಪಾಣಿಯಲ್ಲಿ. ಮನೆಯ ಏರಿಗೆ ಕಲ್ಲು ಅರ್ಧ ಹಾಸಿದ್ದಾರೆ, ಉಳಿದ ಅರ್ಧಕ್ಕೆ ಟ್ರಾಕ್ಟರ್ ಬಂದಿಲ್ಲ. ಪಯಣಿಗರೇ, ಆ ಟೈರು ನಿಮಗೆ ಎಲ್ಲಿಂದ ಬಂತು? ಒಂದು ಜಾಸ್ತಿ ತಂದು ಊರ ಮನೆ ಅಟ್ಟದ ಮೇಲೆ ಇಡೋಣ ಅಂತಿದ್ದೇನೆ.

---

ಪರ್ವರಿ_ಪಯಣಿಗ

ಮುಂಬೈಯಿಂದ. ನನ್ನ ಹಳೆಯ ಮೂರರಲ್ಲಿ ಒಂದು ಇನ್ನೂ ಗಟ್ಟಿಯಾಗಿದೆ, ಸ್ಟೆಪ್ನಿಯಾಗಿ ನಡೆಯುತ್ತೆ. ಮುಂದಿನ ಶನಿವಾರ ಧಾರವಾಡಕ್ಕೆ ಹೊರಟಿದ್ದೇನೆ, ಇಳಿಸಿ ಹೋಗಲೇ?

---

ಜಾಂಬೋಟಿ_ಮಳೆ

ಬನ್ನಿ. ಅಮ್ಮ ಪತ್ರೊಡೆ ಮಾಡುತ್ತಾಳಂತೆ.

---

ಮಾಟುಂಗಾ_ಮಾಮ

ಪತ್ರೊಡೆ ಇದೆ ಅಂತ ಮೊದಲೇ ಹೇಳಿದ್ದರೆ ನಾನು ಇನ್ನೋವಾ ಹೆಸರೇ ಎತ್ತುತ್ತಿರಲಿಲ್ಲ.